ದಾಸಮ್ಮನ ಹೆಸರಿನ ಹೆಬ್ಬೆಟ್ಟು

ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲ್
12 ನವೆಂಬರ್ 2024

ಬಿಸಿಯೂಟದ ಹೊಗೆಯಲ್ಲೂ ನನ್ನನ್ನು ನೆನೆಯುವ ಅವ್ವನಿಗೆ, ಸುನಿತಾಳ ನಮಸ್ಕಾರ.

ಈ ಕಾಗದವನ್ನು ಮನೆಗೆ ಕಳಿಸದೆ ನೀನು ಅಡುಗೆ ಮಾಡುವ ಶಾಲೆಗೆ, ಹೆಡ್ ಮೇಡಂ ರಾಜಲಕ್ಷ್ಮಮ್ಮನವರ ಕೈಗೆ ಸಿಗುವಂತೆ ಕಳಿಸಿದ್ದೇನೆ. ಗಾಬರಿಯಾಗಬೇಡ, ಮೈಗೆ ಹುಷಾರಾಗಿಯೇ ಇದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀಯ, ನಮ್ಮ ಬೀದಿಯೆಲ್ಲ ಹೂಂಗುಡುತ್ತದೆ. ಈ ಕತೆಗೆ ನೀನೊಬ್ಬಳೇ ಹೂಂಗುಡಬೇಕು. ಅಕ್ಷರ ದಪ್ಪಗೆ ಬರೆದಿದ್ದೇನೆ. ಉಗ್ರಾಣದಲ್ಲಿ ಕೂತು, ಬೆರಳಿಟ್ಟು ನಿಧಾನವಾಗಿ ಓದು.

ದೀಪಾವಳಿಗೆ ಬಾರದಿದ್ದಾಗ ಪರೀಕ್ಷೆ ಇದೆ ಎಂದೆನಲ್ಲ, ಅದು ಸುಳ್ಳು. ನಾನೊಂದು ದೂರು ಕೊಟ್ಟಿದ್ದೆ.

ನಮ್ಮ ವಿಭಾಗದಲ್ಲಿ ಹನ್ನೊಂದು ಗಂಟೆಗೆ ಟೀ ಬರುತ್ತದೆ. ಎಲ್ಲರಿಗೂ ಸ್ಟೀಲ್ ಲೋಟ, ನನಗೆ ಮಾತ್ರ ಪೇಪರ್ ಕಪ್. ಅಟೆಂಡರ್ ಚೌಡಯ್ಯನವರು ನಗುತ್ತಲೇ ಕೊಡುತ್ತಿದ್ದರು: "ನಿಂಗೇಂತ್ಲೇ ದಿನಾ ಹೊಸ್ದು ಕಣಮ್ಮ, ಪುಣ್ಯವಂತೆ ನೀನು!" ಮೂರು ತಿಂಗಳು ಪುಣ್ಯವೆಂದೇ ಕುಡಿದೆ. ಒಂದು ದಿನ ಬೇಕೆಂದೇ ಲೋಟಕ್ಕೆ ಕೈ ಹಾಕಿದೆ. ಮಾರನೆಯ ದಿನ ಅದೇ ಲೋಟ ಕಿಟಕಿಯಾಚೆ ಕಸದಲ್ಲಿ ಬಿದ್ದಿತ್ತು.

ನನ್ನ ಪ್ರಾಜೆಕ್ಟ್ ನೋಡಿಕೊಳ್ಳುವ ಗೈಡ್ ಗಂಗಾಧರಯ್ಯನವರನ್ನು ಕೇಳಿದೆ. "ನಿಮ್ಮೋರಿಗೆ ಸೀಟು ಸಿಕ್ತು, ಹಾಸ್ಟೆಲ್ ಸಿಕ್ತು. ಇನ್ನು ನಮ್ಮ ಲೋಟಾನೂ ಬೇಕೇನಮ್ಮ?" ಎಂದು ತರಗತಿಯಲ್ಲೇ ಅಂದರು. ಹುಡುಗರು ನಕ್ಕರು. ಅವತ್ತಿನಿಂದ ನನ್ನ ಹೆಸರೇ ಲೋಟ. ಆಮೇಲೆ ಲ್ಯಾಬಿನಲ್ಲಿಟ್ಟ ನನ್ನ ರೆಕಾರ್ಡ್ ಪುಸ್ತಕ ಕಾಣೆಯಾಯಿತು. ಸೆಮಿನಾರಿನ ದಿನ ಬದಲಾದದ್ದು ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇಂಥ ದೂರು ಕೇಳಲೆಂದೇ ಇಲ್ಲಿರುವ ಕಮಿಟಿಗೆ ಬರೆದುಕೊಟ್ಟೆ.

ಅಲ್ಲಿಂದ ಅನುಮಾನ ಹೇನಿನ ಹಾಗೆ ತಲೆ ಸೇರಿಬಿಟ್ಟಿತು ಅವ್ವ. ಕೋಣೆಯ ಗೆಳತಿ ಅಶ್ವಿನಿ ಫೋನ್ ಹಿಡಿದರೆ ನನ್ನ ಸುದ್ದಿಯನ್ನೇ ಯಾರಿಗೋ ಮುಟ್ಟಿಸುತ್ತಿದ್ದಾಳೆ ಅನ್ನಿಸುತ್ತದೆ. ಪಾಪ, ಅವಳು ಮದಲೂರಿನ ಅತ್ತೆಯ ಜೊತೆ ಕೋಳಿಮರಿಗಳ ವಿಷಯ ಮಾತಾಡುತ್ತಿರುತ್ತಾಳೆ. ಆದರೂ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ.

ಶುಕ್ರವಾರ ಕಮಿಟಿಯವರು ಕರೆದರು. ಮೇಜಿನ ಮೇಲೊಂದು ಕಾಗದವಿತ್ತು. "ನನ್ನ ಮಗಳು ಯಾರದೋ ಮಾತು ಕೇಳಿ ದೂರು ಕೊಟ್ಟಿದ್ದಾಳೆ, ಅದನ್ನು ಕೈಬಿಡಿ" ಎಂದು ಟೈಪ್ ಮಾಡಿತ್ತು. ಕೆಳಗೆ "ತಾಯಿ ದಾಸಮ್ಮ, ಹುಲಿಕುಂಟೆ". ಅದರ ಮೇಲೆ ನೀಲಿ ಹೆಬ್ಬೆಟ್ಟು. "ಹೆತ್ತ ತಾಯೀನೇ ಬ್ಯಾಡ ಅಂದ್ಮೇಲೆ ಮುಗೀತಲ್ಲಮ್ಮ" ಎಂದರು ಅಧ್ಯಕ್ಷರು.

ಎರಡು ದಿನ ನಿನ್ನನ್ನೇ ಅನುಮಾನಿಸಿದೆ. ಮನೆಗೆ ಯಾರಾದರೂ ಬಂದಿದ್ದರಾ ಎಂದು ಫೋನಿನಲ್ಲಿ ಕೇಳಿದ್ದು ಅದಕ್ಕೇ. "ನಾನು ಹೊತ್ತುಟ್ಟಿದ್ರೆ ಇಸ್ಕೂಲ್ನಾಗಿರ್ತೀನಿ, ಯಾರ್ ಬಂದ್ರೋ ಯಾರ್ ಹೋದ್ರೋ ನಂಗೇನವ್ವ ಗೊತ್ತು" ಅಂದೆ ನೀನು. ಆ ಮಾತೂ ಏನನ್ನೋ ಮುಚ್ಚಿಟ್ಟಂತೆ ಕೇಳಿಸಿತು.

ಭಾನುವಾರ ಟ್ರಂಕು ತೆಗೆದಾಗ ಹಾಸ್ಟೆಲ್ ಅರ್ಜಿಯ ಜೆರಾಕ್ಸ್ ಸಿಕ್ಕಿತು. ಅದರಲ್ಲಿ ನಿನ್ನ ಸಹಿ! ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಸ್ಲೇಟಿನ ಮೇಲೆ ನೀನು ಕಲಿತ ಸಹಿ. "ಇನ್ಮ್ಯಾಕೆ ಯಾವನ್ ಮುಂದೂ ಬೆಟ್ಟು ಮಸಿ ಮಾಡ್ಕಳಲ್ಲ ಕಣೇ" ಎಂದು, ಬ್ಯಾಂಕಿನವನು ಮುಂದಿಟ್ಟ ಇಂಕಿನ ಪ್ಯಾಡನ್ನು ಹಿಂದಕ್ಕೆ ತಳ್ಳಿದವಳು ನೀನು. ನಮ್ಮ ಕೇರಿಯ ಹೆಂಗಸೆಂದರೆ ಹೆಬ್ಬೆಟ್ಟೇ ಎಂದು ಆ ಕಾಗದ ಮಾಡಿಸಿದವರು ಅಂದುಕೊಂಡರು. ಎರಡು ದಿನ ನಾನೂ ಅದನ್ನೇ ನಂಬಿದೆನಲ್ಲ, ಕ್ಷಮಿಸು.

ನಿನ್ನೆ ಜೆರಾಕ್ಸ್ ತೋರಿಸಿದೆ. ಅಧ್ಯಕ್ಷರು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. 21ರ ಗುರುವಾರ ಹನ್ನೊಂದು ಗಂಟೆಗೆ ನೀನೇ ಬಂದು ಅವರ ಕಣ್ಣೆದುರು ಸಹಿ ಹಾಕಬೇಕಂತೆ. ಬಾರದಿದ್ದರೆ ಆ ಕಾಗದದ ಪ್ರಕಾರ ದೂರು ಮುಚ್ಚುತ್ತಾರಂತೆ. ದೂರು ಮುಚ್ಚಿದರೆ ಆಮೇಲೆ ನನ್ನ ಪ್ರಾಜೆಕ್ಟಿಗೆ ಅಂಕ ಹಾಕುವವರು ಗಂಗಾಧರಯ್ಯನವರೇ.

ಮೇಡಂ ಹತ್ತಿರ ಒಂದು ದಿನ ರಜೆ ಕೇಳಿ ಮೊದಲ ಬಸ್ಸಿಗೆ ಹೊರಡು. ಯಾರಾದರೂ ಎಲ್ಲಿಗೆ ಎಂದು ಕೇಳಿದರೆ ಶಿರಾ ಆಸ್ಪತ್ರೆಗೆ ಅನ್ನು. ಕಾರಿನಲ್ಲಿ ಬಿಡುತ್ತೇನೆ ಎಂದರೆ, ಅವರೆಷ್ಟೇ ಒಳ್ಳೆಯವರಾಗಿರಲಿ, ಹತ್ತಬೇಡ.

ನಿನಗೆ ಅಕ್ಷರ ಕಲಿಸಿ ನಿನ್ನಿಂದಲೇ ಬೈಸಿಕೊಂಡ ಮಗಳು,
ಸುನಿತಾ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಆ ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ ಇದೆ. ಅಪ್ಪನ ಎಡಗೈ ಹೆಬ್ಬೆರಳಿಗೆ ಕುಡುಗೋಲು ತಾಗಿದಾಗ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದವಳು ನಾನೇ. ಇದನ್ನು ಕಮಿಟಿಗೆ ಹೇಳಿಲ್ಲ. ಸ್ಕಾಲರ್‌ಶಿಪ್ ಕಾಗದವೆಂದು ನಂಬಿಸಿ ಒತ್ತಿಸಿಕೊಂಡರೋ, ಅಪ್ಪ ಗೊತ್ತಿದ್ದೇ ಒತ್ತಿದನೋ, ಕೇಳಲು ನನಗೆ ಧೈರ್ಯವಿಲ್ಲ. ನೀನು ಕೇಳು. ನಿಜ ಹೇಳಿದರೆ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಬಾ. ಹೇಳದಿದ್ದರೂ ಕರೆದುಕೊಂಡು ಬಾ.