ಒಸಾಕಾ ಸ್ಟೇಷನ್ನಿನಲ್ಲಿ ನೆಲಕ್ಕೆ ಬಿದ್ದ ಹುಡುಗಿ

ತಮ್ಮ ಜಕ್ಕಪ್ಪ,

ಇಲ್ಲಿ ನಮ್ಮ ಕಂಬಳಿ ಪ್ರದರ್ಶನ ಚೆನ್ನಾಗಿ ನಡೆದಿದೆ. ನಿನ್ನೆ ಒಸಾಕಾ ಸ್ಟೇಷನ್ನಿನಲ್ಲಿ ಹುಡುಗಿಯೊಬ್ಬಳು ನೆಲದ ಮೇಲೆ ಗರಗರ ತಿರುಗುತ್ತಿದ್ದಳು. ಫಿಟ್ಸ್ ಬಂದಿದೆಯೆಂದು "ಸರೀರಿ, ಗಾಳಿ ಬಿಡ್ರಿ!" ಅಂತ ಓಡಿ, ಅವಳ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಿದೆ. ಅವಳು ಎದ್ದು, ಬಾಗಿ ನಮಸ್ಕರಿಸಿ ಮರಳಿ ಕೊಟ್ಟಳು. ಅದು ಬ್ರೇಕ್‌ಡಾನ್ಸಂತೆ! ಅವಳ ಅಪ್ಪ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ.

ನಮ್ಮ ಹುನ್ನೂರಲ್ಲಿ ಕುಡಿದ ಗಂಡಸರು ಮದುವೆ ಮೆರವಣಿಗೆಯಲ್ಲಿ ರಸ್ತೆ ತುಂಬ ಹೊರಳಾಡಿದರೂ ಯಾರ ಮಾನವೂ ಹೋಗುವುದಿಲ್ಲ. ನಿನ್ನ ಮಗಳು ಪೂನಮ್ ಕುರಿದೊಡ್ಡಿಯ ಹಿಂದೆ ಹೀಗೆ ಕುಣಿದಳೆಂದು ನೀನು ಕಾಲೇಜು ಬಿಡಿಸಿ, "ಮಂದಿ ಏನಂತಾರ ಅಣ್ಣಾ?" ಅಂದೆ. ಇಲ್ಲಿ ಮಂದಿ ತಮ್ಮ ರೈಲು ಹಿಡಿದು ಹೋದರು.

ಮೊಣಕಾಲು ನೋಯುತ್ತಿದೆ, ರೊಟ್ಟಿ ಮುಗಿದಿವೆ. ಪೂನಮಳನ್ನು ತಕ್ಷಣ ಕಾಲೇಜಿಗೆ ಕಳಿಸು. ಬೇಕೆಂದೇ ಲಕೋಟೆಯಿಲ್ಲದ ಕಾರ್ಡು ಹಾಕಿದ್ದೇನೆ. ನಿನಗಿಂತ ಮೊದಲು ಅಂಚೆಯವನು ಓದಿ ಓಣಿಗೆಲ್ಲ ಹೇಳಿರುತ್ತಾನೆ.

ಅಣ್ಣ ಮಾಳಪ್ಪ