ಈ ವರ್ಷದ ಡ್ರಾಯರ್

ನಿನ್ನ ಕೋಣೆ, ಕಾಲೇಜು ವಸತಿಗೃಹ
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಅಲ್ಲಿಯ ಚಳಿಗೆ ಮಂಡಿ ಹಿಡಿದುಕೊಂಡಿಲ್ಲ ತಾನೆ? ಊಟ, ನಿದ್ದೆ ಸರಿಯಾಗಿದೆಯೆ? ನಾನು ಹೇಲ್ ಅಂಡ್ ಹಾರ್ಟಿ. ಅದರ ಮುಂದೆ ಇನ್ನೇನೋ ಇತ್ತು, ನನ್ನ ಇಂಗ್ಲಿಷ್ ಕಾಲೇಜಿನಲ್ಲೇ ಅರ್ಧ ಉಳಿದುಬಿಟ್ಟಿತು.

ನೀನು ಹೇಳಿದ ಹಾಗೆ ದಿನಾ ಬಂದು ಕಿಟಕಿ ತೆರೆದು ನಿನ್ನ ಪುಸ್ತಕಗಳಿಗೆ ಗಾಳಿ ಕೊಡುತ್ತಿದ್ದೇನೆ. ನಿಮ್ಮೆಲ್ಲರ ಯಜಮಾನರು ಸುಪೀರಿಯರ್ ಫಾದರ್ ಕಂಡರೆ ಸಾಕು, ನಿನ್ನ ಗುಣಗಾನ: ಮೂವತ್ತೊಂದು ವರ್ಷ ಜಪಾನಿ ಕಲಿಸಿದ ಜೆಸ್ವಿಟ್ ಪಾದ್ರಿ ಇನ್ನೆಲ್ಲಿ ಸಿಗುತ್ತಾನೆ ಅಂತ. ಜಪಾನಿ ವಿಭಾಗ ಇನ್ನೆರಡು ವರ್ಷ ನಿನ್ನ ಕೈಯಲ್ಲೇ ಇರಲಿ ಎಂದು ಪ್ರಿನ್ಸಿಪಾಲರ ಕಾಗದ ಮೇಜಿನ ಮೇಲಿದೆ, ನಿನ್ನ ಸಹಿ ಒಂದೇ ಬಾಕಿ. ಈಗ ತಪ್ಪೊಪ್ಪಿಗೆ, ಫಾದರ್ ಸಾಹೇಬರೇ. "ಅಣ್ಣಾ, ಕಾರ್ಡುಗಳ ಡ್ರಾಯರಿಗೆ ಮಾತ್ರ ಕೈ ಹಾಕಬೇಡ" ಅಂದಿದ್ದೆ. ಹಾಕಿದೆ. ಧೂಳು ಒರೆಸೋಣ ಅಂತ ಎಳೆದರೆ ಈ ವರ್ಷದ ಡ್ರಾಯರ್ ಪೂರ್ತಿ ನನ್ನ ಕಾಲ ಮೇಲೆ. ಬೆಳಗಿನ ಪ್ರಾರ್ಥನೆ ಮುಗಿಸಿ, ನಿಘಂಟಿಗೆ ಅಂತ ದಿನಕ್ಕೊಂದೇ ಹೊಸ ಪದ ಬ್ರಷ್ಷಿನಲ್ಲಿ ಬರೆದಿಟ್ಟ ಕಾರ್ಡುಗಳೆಲ್ಲ ನೆಲದ ಮೇಲೆ. ನನಗೋ ಆ ಲಿಪಿ ಕಾಗೆ ಕಾಲು ಗುಬ್ಬಿ ಕಾಲು. ಇಸ್ಪೀಟೆಲೆ ಜೋಡಿಸಿದ ಹಾಗೆ, ಒಂದೇ ಥರ ಕಂಡವನ್ನು ಗುಡ್ಡೆ ಮಾಡುತ್ತಾ ಕೂತೆ. ಹಿಂಬದಿಯಲ್ಲಿ ತಾರೀಖೂ ಅರ್ಥವೂ ಇದೆ ಅಂತ ತಿಳಿದದ್ದು ಆಮೇಲೆ. ಎಲ್ಲ ತಾರೀಖಿನ ಪ್ರಕಾರ ಮತ್ತೆ ಜೋಡಿಸಿದ್ದೇನೆ.

ಪಾದ್ರಿಯಾದರೂ ನೀನು ನನಗಿಂತ ಚಿಕ್ಕವನು, ತಲೆ ಬಗ್ಗಿಸು, ನನ್ನ ಆಶೀರ್ವಾದ ತಗೋ.

ನಿನ್ನ ಅಣ್ಣ

ಇನ್ನೊಂದು ಮಾತು: ಎಲ್ಲ ಜೋಡಿಸಿದೆ ಅಂದದ್ದು ಸುಳ್ಳು. ಬೇರೆ ಪದಗಳಿಗೆಲ್ಲ ಒಂದೊಂದೇ ಕಾರ್ಡು. ಒಂದು ಗುಡ್ಡೆಯಲ್ಲಿ ಮಾತ್ರ ಹತ್ತೊಂಬತ್ತು. ಅಷ್ಟರ ಹಿಂದೆಯೂ 'ಕೊಡೆ, ಛತ್ರಿ' ಅಂತಲೇ ಇದೆ, ತಾರೀಖು ಬೇರೆ ಬೇರೆ, ಕೊನೆಯ ಆರಂತೂ ನೀನು ಹೊರಡುವವರೆಗೆ ದಿನಾ ಸಾಲಾಗಿ. ನಿನ್ನ ಅತ್ತಿಗೆ ಉಪ್ಪಿನ ಡಬ್ಬಕ್ಕೆ ಚೀಟಿಯ ಮೇಲೆ ಚೀಟಿ ಅಂಟಿಸುತ್ತಿದ್ದಾಗ ನಾನು ನಗುತ್ತಿದ್ದೆ, ನೆನಪಿದೆಯಲ್ಲ? ಕೊನೆಗೆ ನನ್ನನ್ನೇ ಯಾರು ಅಂತ ಕೇಳಿದಳು. ನನಗೆ ಭಯವಾಗುತ್ತಿದೆ, ತಮ್ಮಾ. ಆ ಹತ್ತೊಂಬತ್ತು ನನ್ನ ಜೇಬಿನಲ್ಲಿವೆ, ಯಾರಿಗೂ ತೋರಿಸಿಲ್ಲ. ಪ್ರಿನ್ಸಿಪಾಲರ ಆ ಕಾಗದಕ್ಕೆ ಸಹಿ ಹಾಕುವ ಮೊದಲು ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ನೀನು ಬರುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿರುತ್ತೇನೆ. ಕಂಡ ಕೂಡಲೇ, ನಾನು ಕೈ ಎತ್ತುವ ಮೊದಲೇ, ಅಣ್ಣಾ ಅಂತ ಕೂಗಿಬಿಡು.