ಕೊನೆಯ ಬೆಂಚಿನ ಊಟ

ಮನೆಯಿಂದ,
ಶುಕ್ರವಾರ ಸಂಜೆ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಇಳಿಯಿತೇ? ಅಳಿಯಂದಿರು ಕ್ಷೇಮವೇ? ನಾನು ಗಟ್ಟಿಯಾಗಿದ್ದೇನೆ; ಮಂಡಿಯೊಂದು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಪತ್ರದಲ್ಲಿ ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿದೆ. ಮನಸ್ಸು ಕದಡಿದಾಗ ನೀನು ಚಿಕ್ಕಂದಿನಿಂದಲೂ ಹಾಗೆಯೇ. ಬೇರೆ ಭಾಷೆಯ, ಬೇರೆ ಆಚಾರದ ಮನೆಯನ್ನು ಮೆಚ್ಚಿ ಸೇರಿದವಳು ನೀನು. ಈಗ ಅವರೆಲ್ಲ ಒಟ್ಟಿಗೆ ಕುಳಿತು ಉಣ್ಣುವಾಗ ನೀನೊಬ್ಬಳೇ ಅಡುಗೆಮನೆಯಲ್ಲಿ ತಟ್ಟೆ ಹಿಡಿದು ಕೂರುತ್ತೀಯಂತೆ. "ಅಪ್ಪ, ಬಂದು ನಾಕು ದಿನ ನನ್ನ ಪಕ್ಕ ಇರಿ" ಎಂದು ಬರೆದಿದ್ದೀಯೆ. ನಿನ್ನ ಅಮ್ಮ ತೀರಿಕೊಂಡ ಮೇಲೆ ನಾನೂ ಗೋಡೆಗೆ ಮುಖಮಾಡಿಯೇ ಉಣ್ಣುವವನು. ಆ ಸಾಲು ಓದಿದೊಡನೆ ಪೆಟ್ಟಿಗೆಯ ಧೂಳು ಒರೆಸಿದೆ.

ಈ ನಡುವೆ ನಾನು ಪಾಠ ಮಾಡುತ್ತಿದ್ದ ಹಳೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ, ಒಂದು ತರಗತಿಯ ಮಕ್ಕಳಿಗೆ ಸಹಬಾಳ್ವೆಯ ಪಾಠ ಹೇಳಿಕೊಡಿ ಎಂದರು. ಆ ತರಗತಿಯಲ್ಲಿ ಈಗ ಮನೆಮಾತೇ ಐದಾರು; ಪ್ರಾರ್ಥನೆಯೂ ಅಷ್ಟೇ ಬಗೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಧ್ಯಾಹ್ನ ಕೊನೆಯ ಬೆಂಚಿನಲ್ಲಿ, ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಉಣ್ಣುತ್ತಿದ್ದಳು. ಉಳಿದವರು ಮೂಗು ಮುಚ್ಚಿ ನಗುತ್ತಿದ್ದರು. ನಾನು ಒಂದು ಪೂರ್ಣ ಅವಧಿ ಉಪನ್ಯಾಸ ಕೊಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಮರುದಿನದಿಂದ ನನ್ನ ಡಬ್ಬಿಯನ್ನೂ ಒಯ್ದು ಅವಳ ಪಕ್ಕದಲ್ಲೇ ಕುಳಿತೆ. ಮೇಷ್ಟ್ರು ನಡೆದು ತೋರಿಸಿದರೆ ಮಕ್ಕಳು ಹಿಂಬಾಲಿಸುತ್ತಾರೆಂಬುದು ನನ್ನ ನಂಬಿಕೆ. ಆದದ್ದೇನು? ನನ್ನ ಕಣ್ಣಿಗೆ ಹೆದರಿ ಮುಂದಿನ ಎರಡು ಸಾಲುಗಳೂ ಖಾಲಿಯಾದವು. ಹುಡುಗಿ ಮುಚ್ಚಳವನ್ನು ಇನ್ನೂ ತಗ್ಗಿಸಿದಳು. ನನಗೆ ಮಾತ್ರ, ನಿಜ ಹೇಳಬೇಕೆಂದರೆ, ಅದು ಹಿತವಾಗಿತ್ತು. ಪಕ್ಕದಲ್ಲಿ ಇನ್ನೊಂದು ಚಮಚದ ಸದ್ದು ಕೇಳಿ ಎಷ್ಟು ಕಾಲವಾಗಿತ್ತು.

ಇಂದು, ಬಾಯಿ ಮುಚ್ಚದ ಕಾರಣಕ್ಕೆ ಎಲ್ಲರೂ ರೇಡಿಯೊ ಎಂದು ಕರೆಯುವ ಹುಡುಗಿ ಎದುರಿಗೆ ಬಂದು ನಿಂತಳು. "ಸಾರ್, ನೀವು ಎದ್ರೆ ನಾವು ಕೂತ್ಕೋತೀವಿ. ನೀವಿದ್ರೆ ಅವಳ ಜೊತೆ ಜಗಳ ಆಡೋಕೂ ಆಗಲ್ಲ."

ಎದ್ದೆ. ಕಿಟಕಿಯ ಬಳಿ ನಿಂತು ಉಳಿದದ್ದನ್ನು ಉಂಡೆ. ಬೆನ್ನ ಹಿಂದೆ ಮೊದಲು ಬೆಂಚು ಎಳೆದ ಸದ್ದು, ಆಮೇಲೆ "ಥೂ, ಎಷ್ಟು ಖಾರ" ಎಂಬ ಗಲಾಟೆ, ಅದರ ನಡುವೆ ಒಂದು ಹೊಸ ನಗು. ನಾನು ತಿರುಗಿ ನೋಡಲಿಲ್ಲ.

ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರವನ್ನು ಅವರ ಭಾಷೆಯಲ್ಲೇ ತಿಳಿಸು. ನೀನೆಲ್ಲಿದ್ದರೂ ನನ್ನ ಕೈ ನಿನ್ನ ತಲೆಯ ಮೇಲಿದೆ.

ನಿನ್ನ
ಅಪ್ಪ

ಅವಸರದಲ್ಲಿ ಇನ್ನೊಂದು ಮಾತು: ಭಾನುವಾರದ ರೈಲಿಗೆ ಟಿಕೆಟ್ ತೆಗೆಸಿದ್ದೆ. ಶಾಲೆಯಿಂದ ಬರುವಾಗ ರದ್ದು ಮಾಡಿಸಿದೆ. ನಾನು ಬಂದು ನಿನ್ನ ಪಕ್ಕ ಕುಳಿತರೆ ಆ ಮನೆಯವರು ಇನ್ನಷ್ಟು ದೂರ ಸರಿಯುತ್ತಾರೆ. ಈ ಪತ್ರ ತಲುಪಿದ ದಿನವೇ ತಟ್ಟೆ ತೆಗೆದುಕೊಂಡು ಹೋಗಿ ಅತ್ತೆಯ ಪಕ್ಕ ಕೂರು, ಜಗಳವಾದರೂ ಆಗಲಿ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಲ್ಲ. ಅವರು ಕರೆದ ದಿನ ಬರುತ್ತೇನೆ.